ನಿಂಟೆಂಡೊ ವೀ ಯು: ಹನ್ನೆರಡು ವರ್ಷ ಬಳಸಿದ ಮೇಲೆ

2013ರ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯಲ್ಲಿದ್ದಾಗ ತಗೊಂಡ ವೀ ಯು ಇದು, ಟಿವಿಗೆ ಜೋಡಿಸಿ ಆಡುವ ನಿಂಟೆಂಡೊದ ವಿಡಿಯೋ ಗೇಮ್ ಯಂತ್ರ. ಕಪ್ಪು ಬಣ್ಣದ್ದು, 32 ಜಿಬಿಯ ಡೀಲಕ್ಸ್ ಸೆಟ್. ಆ ಸೆಪ್ಟೆಂಬರ್‌ನಲ್ಲಷ್ಟೇ ಬೆಲೆ 350 ಡಾಲರಿನಿಂದ 300ಕ್ಕೆ ಇಳಿದಿತ್ತು. ಈಗ ಮೈಸೂರಿನ ಮನೆಯಲ್ಲಿದೆ, ಇನ್ನೂ ಚೆನ್ನಾಗಿ ಓಡುತ್ತಿದೆ. ಮೊನ್ನೆ ಭಾನುವಾರ ಕೂಡ ಮಗಳು ಮಾರಿಯೋ ಕಾರ್ಟ್ 8 ಆಡಿದಳು.

ಇದು ಸೋತ ಕನ್ಸೋಲ್ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ನೋಡಿದರೆ ನಿಜವೇ. ಇದರ ಅಣ್ಣ ವೀ 10 ಕೋಟಿಗೂ ಜಾಸ್ತಿ ಮಾರಾಟವಾಗಿದ್ದರೆ ಇದು 1 ಕೋಟಿ 35 ಲಕ್ಷದ ಆಸುಪಾಸಿನಲ್ಲಿ ನಿಂತುಹೋಯಿತು. ಆದರೆ ಇಷ್ಟು ವರ್ಷ ಬಳಸಿದ ನನಗೆ ಒಂದು ವಿಷಯ ಖಾತ್ರಿ. ಇದರ ಒಳಗಿನ ಯೋಚನೆ ಸರಿಯಾಗಿತ್ತು, ಅದನ್ನು ಜನರಿಗೆ ಮುಟ್ಟಿಸಿದ ರೀತಿ ತಪ್ಪಾಗಿತ್ತು.

ಆ ಯೋಚನೆ ಏನು ಅಂತ ನನಗೆ ಅರ್ಥವಾದದ್ದು ಅಮ್ಮನಿಂದ. ಆ ಚಳಿಗಾಲ ಅಮ್ಮ ಆರು ತಿಂಗಳಿಗೆ ಅಂತ ನಮ್ಮಲ್ಲಿಗೆ ಬಂದಿದ್ದರು. ಹೊರಗೆ ಹಿಮ, ಎಲ್ಲೂ ಹೋಗುವ ಹಾಗಿಲ್ಲ, ಮನೆಯಲ್ಲಿ ಇದ್ದದ್ದು ಒಂದೇ ಟಿವಿ. ಸಂಜೆಯಾದರೆ ಅಮ್ಮನಿಗೆ ಧಾರಾವಾಹಿ ಬೇಕು, ಎಂಟು ವರ್ಷದ ಮಗನಿಗೆ ಆಟ ಬೇಕು. ಮೊದಲ ದಿನ ಜಗಳ ಆಯಿತು. ಎರಡನೇ ದಿನ ಮಗ ವೀ ಯು ಜೊತೆ ಬರುವ, ಪರದೆ ಇರುವ ಗೇಮ್‌ಪ್ಯಾಡ್ ಎತ್ತಿಕೊಂಡು, "ಅಜ್ಜಿ, ನೀನು ನೋಡು, ನಾನು ಇದರಲ್ಲೇ ಆಡ್ತೀನಿ" ಅಂತ ಅವರ ಪಕ್ಕದಲ್ಲೇ ಕೂತ. ಅದೇ ಆಟ, ನಿಲ್ಲಿಸಿದ ಜಾಗದಿಂದಲೇ, ಟಿವಿ ಬಿಟ್ಟು ಕೈಯಲ್ಲಿದ್ದ 6.2 ಇಂಚಿನ ಪರದೆ ಮೇಲೆ. ಒಂದೇ ರಜಾಯಿ ಒಳಗೆ ಅಜ್ಜಿ ಮೊಮ್ಮಗ ಇಬ್ಬರೂ ಇಡೀ ಚಳಿಗಾಲ ಹಾಗೇ ಕಳೆದರು. ನನಗೆ ಇವತ್ತಿಗೂ ವೀ ಯು ಅಂದರೆ ಆ ಸೋಫಾ.

ಇದನ್ನೇ ಅಲ್ವಾ ನಿಂಟೆಂಡೊದವರು ಮೊದಲ ದಿನದಿಂದ ಹೇಳಬೇಕಿದ್ದದ್ದು? 2011ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಇ3 ಅನ್ನುವ ವಿಡಿಯೋ ಗೇಮ್ ಮೇಳದಲ್ಲಿ ಇದನ್ನು ಮೊದಲು ತೋರಿಸಿದಾಗ ಎದ್ದು ಕಂಡಿದ್ದು ಪ್ಯಾಡ್ ಮಾತ್ರ. ಪೆಟ್ಟಿಗೆ ನೋಡಲು ಹಳೆಯ ವೀ ತರಹವೇ ಇತ್ತು. ಹೆಸರೂ ವೀ, ಅದರ ಮುಂದೆ ಒಂದು ಅಕ್ಷರ. ಹಳೆಯ ವೀ ರಿಮೋಟ್‌ಗಳೂ ಇದಕ್ಕೆ ಕೆಲಸ ಮಾಡುತ್ತವೆ, ಅದು ಒಳ್ಳೆಯದೇ, ಆದರೆ ಗೊಂದಲ ಇನ್ನೂ ಜಾಸ್ತಿಯಾಯಿತು. ನನ್ನ ಆಫೀಸಿನ ಗೆಳೆಯರೊಬ್ಬರು ಮನೆಗೆ ಬಂದವರು ಪ್ಯಾಡ್ ಹಿಡಿದು ನೋಡಿ, "ನಮ್ಮನೇಲಿ ವೀ ಇದೆಯಲ್ಲ, ಈ ಪ್ಯಾಡ್ ಒಂದು ತಗೊಂಡ್ರೆ ಸಾಕಾ?" ಅಂತ ಕೇಳಿದರು. ಕನ್ಸೋಲ್ ಅಂಗಡಿಗೆ ಬಂದು ಒಂದು ವರ್ಷ ದಾಟಿತ್ತು ಆಗ! ಜನ ಇದನ್ನು ವೀಗೆ ಜೋಡಿಸುವ ಪ್ಯಾಡ್ ಅಂದುಕೊಂಡಿದ್ದಾರೆ, ನಾವು ಸರಿಯಾಗಿ ತಿಳಿಸಿಲ್ಲ ಅಂತ ನಿಂಟೆಂಡೊದ ಆಗಿನ ಅಧ್ಯಕ್ಷ ಸತೋರು ಇವಾಟ ಅವರೇ ಒಪ್ಪಿಕೊಂಡರು.

ವೀ ಜೊತೆ ವೀ ಸ್ಪೋರ್ಟ್ಸ್ ಬರುತ್ತಿತ್ತು. ರಿಮೋಟ್ ಕೈಗೆ ಕೊಟ್ಟರೆ ಸಾಕು, ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ವೀ ಯು ಜೊತೆ ಬಂದ ನಿಂಟೆಂಡೊ ಲ್ಯಾಂಡ್ ನನಗೆ ತುಂಬಾ ಇಷ್ಟದ ಆಟ. ಅದರಲ್ಲಿ ಒಬ್ಬರು ಪ್ಯಾಡ್ ನೋಡಿಕೊಂಡು ತಪ್ಪಿಸಿಕೊಂಡು ಓಡುವುದು, ಉಳಿದವರು ಟಿವಿ ನೋಡುತ್ತಾ ಹುಡುಕುವುದು, ಕಣ್ಣಾಮುಚ್ಚಾಲೆ ಹಾಗೆ. ಐದು ಜನ ಸೇರಿದರೆ ಮನೆ ತುಂಬ ಗದ್ದಲ. ಆದರೆ ಆ ಗದ್ದಲ ಶುರುವಾಗುವ ಮೊದಲು ಹತ್ತು ನಿಮಿಷ ನಾನು ನಿಂತು ಎಲ್ಲರಿಗೂ ಹೇಳಿಕೊಡಬೇಕಿತ್ತು. ಯಾರು ಯಾವ ಪರದೆ ನೋಡಬೇಕು ಅನ್ನುವುದೇ ಹೊಸಬರಿಗೆ ತಿಳಿಯುತ್ತಿರಲಿಲ್ಲ.

ನಿಜವಾಗಿ ಬೇಜಾರಾಗುವುದು ಕೈಯಲ್ಲಿದ್ದ ಒಂದು ವರ್ಷವನ್ನು ನಿಂಟೆಂಡೊ ಕಳೆದುಕೊಂಡ ಬಗ್ಗೆ. ಇದು ಅಮೆರಿಕದಲ್ಲಿ ಬಂದದ್ದು 2012ರ ನವೆಂಬರ್ 18ಕ್ಕೆ. ಸೋನಿಯ ಪ್ಲೇಸ್ಟೇಷನ್ 4 ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್ ಬಂದದ್ದು 2013ರ ನವೆಂಬರ್‌ನಲ್ಲಿ. ಆ ಮಧ್ಯೆ ಮೈಕ್ರೋಸಾಫ್ಟ್ ತಾನೇ ಎಡವಿ ಬಿದ್ದಿತ್ತು. 24 ಗಂಟೆಗೊಮ್ಮೆ ಇಂಟರ್‌ನೆಟ್‌ಗೆ ಸೇರಲೇಬೇಕು, ಹಳೆಯ ಡಿಸ್ಕ್ ಮಾರಲು ಕೊಡಲು ನೂರೆಂಟು ಕಟ್ಟುಪಾಡು, ಕಿನೆಕ್ಟ್ ಕ್ಯಾಮೆರಾ ಬೇಡ ಅಂದರೂ ಜೊತೆಗೇ ತಗೋಬೇಕು, ಬೆಲೆ 499 ಡಾಲರ್. ಸೋನಿ 399 ಅಂದಿತು. 2006ರಲ್ಲಿ ಪ್ಲೇಸ್ಟೇಷನ್ 3ಕ್ಕೆ 599 ಡಾಲರ್ ತನಕ ಬೆಲೆ ಇಟ್ಟು ಕೈ ಸುಟ್ಟುಕೊಂಡಿದ್ದ ಕಂಪನಿ ಅದು, ಪಾಠ ಕಲಿತಿತ್ತು. ಮೈಕ್ರೋಸಾಫ್ಟ್ ಕೂಡ ಕೆಲವೇ ದಿನಗಳಲ್ಲಿ ಆ ಕಟ್ಟುಪಾಡುಗಳನ್ನು ವಾಪಸ್ ತಗೊಂಡಿತು, ಮುಂದಿನ ವರ್ಷ ಕಿನೆಕ್ಟ್ ಇಲ್ಲದ ಸೆಟ್ ಅನ್ನು 399ಕ್ಕೆ ತಂದಿತು.

ಆ ಹೊತ್ತಿನಲ್ಲಿ ವೀ ಯುಗೆ ಹೊಸ ಆಟಗಳೇ ಹೆಚ್ಚಿರಲಿಲ್ಲ. ಪಿಕ್ಮಿನ್ 3 ಅಮೆರಿಕಕ್ಕೆ ಬಂದದ್ದು 2013ರ ಆಗಸ್ಟ್‌ನಲ್ಲಿ, ಸೂಪರ್ ಮಾರಿಯೋ 3ಡಿ ವರ್ಲ್ಡ್ ನವೆಂಬರ್‌ನಲ್ಲಿ, ಮಾರಿಯೋ ಕಾರ್ಟ್ 8 ಅಂತೂ 2014ರ ಮೇನಲ್ಲಿ. 2013ರ ಫೆಬ್ರವರಿಯಲ್ಲಿ ವೀ ಯುಗೆ ಮಾತ್ರ ಬರಬೇಕಿದ್ದ ರೇಮನ್ ಲೆಜೆಂಡ್ಸ್ ಅನ್ನು ಯೂಬಿಸಾಫ್ಟ್ ಸೆಪ್ಟೆಂಬರ್‌ಗೆ ತಳ್ಳಿ ಬೇರೆ ಕನ್ಸೋಲ್‌ಗಳಿಗೂ ಕೊಟ್ಟಿತು. ಫುಟ್‌ಬಾಲ್ ಆಟ ಫಿಫಾ 13 ಬಂತು, ಫಿಫಾ 14 ಬರಲೇ ಇಲ್ಲ. ಹೊರಗಿನ ಕಂಪನಿಗಳ ಕಷ್ಟವೂ ಅರ್ಥವಾಗುತ್ತದೆ. ಇದರ ಪ್ರೊಸೆಸರ್ ಹಳೆಯ ವೀ ವಂಶದ್ದೇ, ಪವರ್‌ಪಿಸಿ ಅನ್ನುವ ಜಾತಿಯದು. ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎರಡೂ ಪಿಸಿಗಳಲ್ಲಿರುವ ಜಾತಿಯ ಪ್ರೊಸೆಸರ್‌ಗೆ ಹೋಗಿದ್ದವು. ಅಲ್ಲಿಗೆ ಮಾಡಿದ ಆಟವನ್ನು ಶಕ್ತಿ ಕಡಿಮೆ ಇರುವ ಇದಕ್ಕೆ ಇಳಿಸಬೇಕು, ಮೇಲೆ ಎರಡನೇ ಪರದೆಗೆ ಬೇರೆ ಕೆಲಸ, ಕೊಳ್ಳುವವರೋ ಸ್ವಲ್ಪ ಜನ. ಬೆಲೆ ಇಳಿಸೋಣ ಅಂದರೆ ಪ್ಯಾಡ್‌ನ ಖರ್ಚು ಕಾಲಿಗೆ ಕಟ್ಟಿದ ಕಲ್ಲು. ಶುರುವಿನಲ್ಲೇ ಇದನ್ನು ನಷ್ಟಕ್ಕೆ ಮಾರುತ್ತಿದ್ದರು.

2014ರ ಜನವರಿಯಲ್ಲಿ ನಿಂಟೆಂಡೊ ಆ ಮಾರ್ಚ್‌ಗೆ ಮುಗಿಯುವ ಹಣಕಾಸು ವರ್ಷದ ವೀ ಯು ಮಾರಾಟದ ಅಂದಾಜನ್ನು 90 ಲಕ್ಷದಿಂದ 28 ಲಕ್ಷಕ್ಕೆ ಇಳಿಸಿತು. ಇವಾಟ ಐದು ತಿಂಗಳು ಅರ್ಧ ಸಂಬಳ ಬಿಟ್ಟುಕೊಟ್ಟರು. 2015ರ ಜುಲೈನಲ್ಲಿ ಅವರು ತೀರಿಹೋದ ಸುದ್ದಿ ಓದಿದಾಗ ಮನಸ್ಸಿಗೆ ತುಂಬಾ ನೋವಾಯಿತು. ನಿಂಟೆಂಡೊದ ಮುಂದಿನ ಕನ್ಸೋಲ್ ಸ್ವಿಚ್ ಗೆದ್ದದ್ದನ್ನು ಅವರು ನೋಡಬೇಕಿತ್ತು.

ಯಾಕೆಂದರೆ 2017ರ ಮಾರ್ಚ್‌ನಲ್ಲಿ ಬಂದ ಸ್ವಿಚ್ ಮಾಡಿದ್ದು ನಮ್ಮ ಸೋಫಾದ ಕೆಲಸವನ್ನೇ. ವೀ ಯುನಲ್ಲಿ ಆಟ ಓಡುವುದು ಪೆಟ್ಟಿಗೆಯಲ್ಲಿ, ಪ್ಯಾಡ್‌ಗೆ ಬರುವುದು ಚಿತ್ರ ಮಾತ್ರ. ಹಾಗಾಗಿ ಸುಮಾರು 8 ಮೀಟರ್ ದಾಟಿದರೆ ಮುಗಿಯಿತು, ಮನೆಯಿಂದ ಹೊರಗೆ ಒಯ್ಯುವ ಮಾತೇ ಇಲ್ಲ. ಸ್ವಿಚ್‌ನಲ್ಲಿ ಕೈಯಲ್ಲಿರುವುದೇ ಕನ್ಸೋಲ್. ಹೆಸರು ಕೇಳಿದರೆ ಸಾಕು, ಏನು ಮಾಡುತ್ತದೆ ಅಂತ ತಿಳಿಯುತ್ತದೆ. ಅದು 15 ಕೋಟಿ ದಾಟಿತು. ಮಾರಿಯೋ ಕಾರ್ಟ್ 8 ಇಲ್ಲಿ 84 ಲಕ್ಷ ಮಾರಿತ್ತು, ಅದೇ ಆಟದ ಡೀಲಕ್ಸ್ ರೂಪ ಸ್ವಿಚ್‌ನಲ್ಲಿ 6 ಕೋಟಿಗೂ ಜಾಸ್ತಿ. ಆಟದಲ್ಲಿ ಕೊರತೆ ಇರಲಿಲ್ಲ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? 2025ರ ಜೂನ್‌ನಲ್ಲಿ ಬಂದ ಹೊಸದಕ್ಕೆ ಸುಮ್ನೆ ಸ್ವಿಚ್ 2 ಅಂತ ಹೆಸರಿಟ್ಟರು. ಯಾರಿಗೂ ಗೊಂದಲ ಇಲ್ಲ.

ಆದರೂ ಎರಡು ಆಟಗಳಲ್ಲಿ ನನಗೆ ವೀ ಯುವೇ ಮೇಲು. ತಂಡ ಕಟ್ಟಿ ಆಡುವ ಸ್ಪ್ಲಟೂನ್‌ನಲ್ಲಿ ನಕ್ಷೆ ಯಾವಾಗಲೂ ಕೈಯಲ್ಲೇ ತೆರೆದಿರುತ್ತಿತ್ತು, ಜೊತೆಗಾರನ ಗುರುತು ಮುಟ್ಟಿದರೆ ಅವನಿದ್ದಲ್ಲಿಗೆ ಹಾರಬಹುದಿತ್ತು. ಆಟದ ಹಂತಗಳನ್ನು ನಾವೇ ಕಟ್ಟುವ ಸೂಪರ್ ಮಾರಿಯೋ ಮೇಕರ್‌ನಲ್ಲಿ ಕಡ್ಡಿ ಹಿಡಿದು ಪ್ಯಾಡ್ ಮೇಲೆ ರಂಗೋಲಿ ಚುಕ್ಕಿ ಇಟ್ಟ ಹಾಗೆ ಒಂದೊಂದೇ ಇಟ್ಟಿಗೆ ಇಡುತ್ತಾ ಹೋಗುವುದಿದೆಯಲ್ಲ, ಅದನ್ನು ಟಿವಿ ಮುಂದೆ ಬರೀ ಗುಂಡಿ ಒತ್ತಿ ಮಾಡಿದರೆ ಆ ಸುಖ ಬರುವುದಿಲ್ಲ. ಮಗಳು ರಂಗೋಲಿ ಕಲಿಯುವ ಮೊದಲೇ ಇದರಲ್ಲಿ ನೂರಾರು ಹಂತ ಮಾಡಿದ್ದಳು.

2018ರಲ್ಲಿ ಮೈಸೂರಿಗೆ ವಾಪಸಾದೆವು. ಅಮೆರಿಕದ ವೀ ಯು ತಂದಿರುವವರು ಇದನ್ನು ಗಮನಿಸಿ. ಕನ್ಸೋಲ್ ಮತ್ತು ಪ್ಯಾಡ್ ಎರಡರ ಅಡಾಪ್ಟರ್‌ಗಳೂ 120 ವೋಲ್ಟ್‌ನವು. ನಮ್ಮ 230 ವೋಲ್ಟ್‌ಗೆ ನೇರ ಹಾಕಬೇಡಿ. ನಾನು ಒಂದು ಅಂಗಡಿಯಿಂದ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆ, ಹಾಕಿದ ಹತ್ತೇ ನಿಮಿಷದಲ್ಲಿ ಸುಟ್ಟ ವಾಸನೆ ಬಂತು, ಓಡಿ ಪ್ಲಗ್ ಕಿತ್ತೆ. ಪುಣ್ಯಕ್ಕೆ ಕನ್ಸೋಲ್ ಉಳಿಯಿತು. ಆಮೇಲೆ 200 ವ್ಯಾಟ್‌ನ ಒಳ್ಳೆಯದು ತಂದು, ಮೊದಲು ಮಲ್ಟಿಮೀಟರ್ ಇಟ್ಟು ನೋಡಿ ಹಾಕಿದೆ. ಏಳು ವರ್ಷ ಆಯಿತು, ತೊಂದರೆ ಇಲ್ಲ. ರೀಜನ್ ಲಾಕ್ ಇದೆ, ಅಮೆರಿಕದ ಕನ್ಸೋಲ್‌ಗೆ ಅಮೆರಿಕದ ಡಿಸ್ಕೇ ಬೇಕು. 32 ಜಿಬಿ ಬೇಗ ತುಂಬುತ್ತದೆ. ಹಾರ್ಡ್ ಡಿಸ್ಕ್ ಹಾಕುವುದಾದರೆ ಅದಕ್ಕೆ ಬೇರೆ ಕರೆಂಟ್ ಇರುವಂಥದ್ದು ತಗೊಳ್ಳಿ.

ಈಗ ಹೊಸದಾಗಿ ಸೆಕೆಂಡ್‌ಹ್ಯಾಂಡ್ ತಗೋಬೇಕಾ? ಪ್ಯಾಡ್ ಸರಿಯಿದೆಯಾ ಅಂತ ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ, ಅದಿಲ್ಲದೆ ಇದು ಅರ್ಧ ಯಂತ್ರ. ಡಿಜಿಟಲ್ ಅಂಗಡಿ 2023ರ ಮಾರ್ಚ್ 27ಕ್ಕೆ ಮುಚ್ಚಿತು. ಹಿಂದೆ ಕೊಂಡದ್ದನ್ನು ಮತ್ತೆ ಇಳಿಸಿಕೊಳ್ಳಬಹುದು, ಹೊಸದು ಕೊಳ್ಳಲು ಆಗುವುದಿಲ್ಲ. ಡಿಸ್ಕ್ ಸಿಕ್ಕಿದರೆ, ಮನೆಯಲ್ಲಿ ಮೂರು ನಾಲ್ಕು ಜನ ಆಡುವವರಿದ್ದರೆ ತಗೊಳ್ಳಿ. ಇಲ್ಲದಿದ್ದರೆ ಸ್ವಿಚ್ ಸಾಕು.

ಆನ್‌ಲೈನ್ ಆಟ ನಿಂತದ್ದು 2024ರ ಏಪ್ರಿಲ್ 8ಕ್ಕೆ, ನಮ್ಮ ಲೆಕ್ಕದಲ್ಲಿ 9ರ ಬೆಳಗಿನ ಜಾವ ನಾಲ್ಕೂವರೆಗೆ. ಅವತ್ತು ಯುಗಾದಿ. ಹಬ್ಬಕ್ಕೆ ಹಾಸ್ಟೆಲಿನಿಂದ ಬಂದಿದ್ದ ಮಗ ರಾತ್ರಿಯಿಡೀ ಕೂತು ಸ್ಪ್ಲಟೂನ್ ಆಡಿದ. ನಾನೂ ಎರಡರ ತನಕ ಜೊತೆಗಿದ್ದೆ. ಅಮ್ಮ ಎಣ್ಣೆ ಸ್ನಾನಕ್ಕೆ ಎಬ್ಬಿಸಲು ಬಂದಾಗ ಅವನು ಇನ್ನೂ ಮಲಗಿರಲಿಲ್ಲ, ಪ್ಯಾಡ್ ಮಡಿಲಲ್ಲೇ ಇತ್ತು. "ಇನ್ನೂ ಅದೇ ಇದೆಯೇನೋ?" ಅಂತ ಕೇಳಿ ಅವನ ತಲೆಗೆ ಎಣ್ಣೆ ಇಟ್ಟರು.