ಫಿನ್ ತೋಟವೋ, ದೌಲತಾಬಾದ್ ತೋಟವೋ?

ಇರಾನಿನಲ್ಲಿ ಒಂದೇ ತೋಟ ನೋಡೋಕೆ ಸಮಯ ಇದ್ದರೆ ಯಾವುದು? ಎರಡೂ 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು.

ನೀರು ಇಷ್ಟವಾದರೆ ಕಾಶಾನ್‌ನ ಫಿನ್. ಸುಲೇಮಾನಿಯಾ ಬುಗ್ಗೆಯ ನೀರು ಯಾವ ಪಂಪೂ ಇಲ್ಲದೆ, ಇಳಿಜಾರಿನ ಒತ್ತಡದಿಂದಲೇ ನೀಲಿ ಹೆಂಚಿನ ಕಾಲುವೆಗಳಲ್ಲಿ ಹರಿದು ಕಾರಂಜಿಯಾಗಿ ಚಿಮ್ಮುತ್ತದೆ. 1852ರಲ್ಲಿ ಸುಧಾರಕ ಅಮೀರ್ ಕಬೀರ್‌ನನ್ನು ಕೊಂದದ್ದು ಇಲ್ಲಿನ ಸ್ನಾನಗೃಹದಲ್ಲೇ.

ಕಟ್ಟಡ ನೋಡಬೇಕಾ? ಹಾಗಾದ್ರೆ ಯಜ್ದ್‌ನ ದೌಲತಾಬಾದ್. 18ನೇ ಶತಮಾನದಲ್ಲಿ ಯಜ್ದ್‌ನ ಆಡಳಿತಗಾರ ಮೊಹಮ್ಮದ್ ತಕಿ ಖಾನ್ ಕಟ್ಟಿಸಿದ್ದು. ಮಹಲಿನ ಮೇಲೆ ಸುಮಾರು 33 ಮೀಟರ್ ಎತ್ತರದ, ಎಂಟು ಮುಖದ ಗಾಳಿಗೋಪುರವಿದೆ. ಅದು ಮೇಲಿನ ಗಾಳಿಯನ್ನು ಹಿಡಿದು, ಕೆಳಗಿನ ಕೊಳದ ನೀರಿನ ಮೇಲೆ ಹಾಯಿಸಿ, ಕೋಣೆಗಳನ್ನು ತಂಪು ಮಾಡುತ್ತದೆ. ಬಣ್ಣದ ಗಾಜಿನ ಕಿಟಕಿಗಳೂ ಸೊಗಸು. ನನ್ನ ಓಟು ಇದಕ್ಕೇ. ಆದರೆ ಟೆಹ್ರಾನ್‌ನಿಂದ ಇಸ್ಫಹಾನ್‌ಗೆ ಹೊರಟವರಿಗೆ ಕಾಶಾನ್ ದಾರಿಯಲ್ಲೇ ಸಿಗುತ್ತದೆ, ಅಲ್ವಾ?