ಸೆಲ್ಫಿ ನೋಡಿ ‘ಮೈಲ್ಡ್’ ಅಂದರು, ನಾನು ನಂಬಿದೆ

ಮೊಡವೆಗೆ ಆಪ್‌ನಿಂದ ಕಿಟ್ ತರಿಸೋಣ ಅಂದುಕೊಂಡಿದ್ದೀರಾ? ಹಾಗಾದರೆ ಮೊದಲು ನನ್ನ ಎಡವಟ್ಟು ಓದಿ.

ಕಳೆದ ವರ್ಷ ಒಂದು ಆಪ್‌ಗೆ ಸೆಲ್ಫಿ ಕಳಿಸಿದೆ. ಹೆಸರು ಬೇಡ ಬಿಡಿ. ಟೀ ಆರುವುದರೊಳಗೆ ಉತ್ತರ ಬಂತು: ಮೈಲ್ಡ್. 2,400 ರೂಪಾಯಿ ಕೊಟ್ಟು ಮೂರು ತಿಂಗಳ ಕಿಟ್ ತರಿಸಿದೆ. ಕೆನ್ನೆ, ಗದ್ದದ ಒಳಗೆ ಗಂಟುಗಳಿದ್ದವು, ಮಗ್ಗುಲಾಗಿ ಮಲಗಿದರೆ ನೋವು. ಬೆನ್ನ ತುಂಬ ಕೀವಿನ ಗುಳ್ಳೆ. ಆಪ್ ಅದನ್ನೆಲ್ಲ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೈಲ್ಡ್ ಅಂದಿದ್ದಾರಲ್ಲ ಅಂತ ಸುಮ್ನೆ ಕಾದೆ. ಅಜ್ಜಿಯೂ “ವಯಸ್ಸಿನ ಮೊಡವೆ, ಹೋಗುತ್ತೆ ಬಿಡು” ಅಂದರು.

ನಾಲ್ಕನೇ ತಿಂಗಳು ಕೆನ್ನೆಯಲ್ಲಿ ಗುಳಿ ಬಿತ್ತು. ಆಗ ಚರ್ಮದ ಡಾಕ್ಟರ ಹತ್ತಿರ ಓಡಿದೆ. ಅವರು ಕಿಟಕಿ ಪಕ್ಕ ಕೂರಿಸಿ ಬೆರಳಿನಿಂದ ಒತ್ತಿ ನೋಡಿದರು. ಬೆನ್ನು ನೋಡಿದರು. ಮುಟ್ಟು ಸರಿಯಾಗಿ ಆಗುತ್ತಾ ಅಂತಲೂ ಕೇಳಿದರು. ಆಮೇಲೆ ಮೊಡವೆ ಎಷ್ಟು ಜೋರು ಅಂತ ಚೀಟಿಯ ಹಿಂದೆ ಲೆಕ್ಕ ಹಾಕಿದರು.

ಲೆಕ್ಕ ಸುಲಭ. ಮೊದಲು ಜಾಗಕ್ಕೊಂದು ತೂಕ: ಹಣೆಗೆ 2, ಒಂದೊಂದು ಕೆನ್ನೆಗೂ 2, ಮೂಗಿಗೆ 1, ಗದ್ದಕ್ಕೆ 1, ಎದೆ ಮತ್ತು ಬೆನ್ನ ಮೇಲ್ಭಾಗ ಸೇರಿ 3. ಆಯಾ ಜಾಗದಲ್ಲಿ ಇರುವುದರಲ್ಲಿ ಜೋರಾದದ್ದಕ್ಕೆ ಅಂಕ: ಬ್ಲ್ಯಾಕ್‌ಹೆಡ್ 1, ಕೆಂಪು ಗುಳ್ಳೆ 2, ಕೀವು 3, ಗಂಟು 4. ಪ್ರತಿ ಜಾಗದ ತೂಕವನ್ನು ಅದರ ಅಂಕದಿಂದ ಗುಣಿಸಿ, ಎಲ್ಲ ಕೂಡಿದರೆ ಆಯಿತು. 18ರವರೆಗೆ ಮೈಲ್ಡ್, 30ರವರೆಗೆ ಮಧ್ಯಮ, 38ರವರೆಗೆ ತೀವ್ರ, ಅದರಾಚೆ ಅತಿ ತೀವ್ರ. ನನ್ನದು 32!

ಮನೆಗೆ ಬಂದು ಅದೇ ಹಳೇ ಸೆಲ್ಫಿಗೆ ನಾನೇ ಅಂಕ ಕೊಟ್ಟೆ. ಬರೀ 13. ಫೋನಿನ ಬ್ಯೂಟಿ ಮೋಡ್ ಆನ್ ಇತ್ತು. ಗಂಟುಗಳೆಲ್ಲ ಸಣ್ಣ ಕೆಂಪು ಗುಳ್ಳೆಗಳ ಹಾಗೆ ಕಾಣುತ್ತಿದ್ದವು, ಅಲ್ಲಿ 10 ಅಂಕ ಹೋಯಿತು. ಬೆನ್ನಿನ 9 ಅಂಕ ಫೋಟೋದಲ್ಲೇ ಇಲ್ಲ. ಆಪ್ ಸುಳ್ಳು ಹೇಳಿತು ಅನ್ನಲಾರೆ, ಆದರೆ ಕಾಣದ್ದರ ಬಗ್ಗೆ ಒಂದು ಪ್ರಶ್ನೆ ಕೇಳಬಹುದಿತ್ತು ಅಲ್ವಾ? ಅದನ್ನು ಕೇಳದೆ ದುಡ್ಡು ಮಾತ್ರ ಕೇಳಿತು.

ಈಗ ರಕ್ತಪರೀಕ್ಷೆ ಮಾಡಿಸಿ ಐಸೊಟ್ರೆಟಿನಾಯಿನ್ ಮಾತ್ರೆ ಶುರು ಮಾಡಿದ್ದಾರೆ. ಬಸುರಿಯರು ಮುಟ್ಟಲೇಬಾರದ ಮಾತ್ರೆ ಇದು, ಹಾಗಾಗಿ ಯಾರೂ ನನ್ನ ಚೀಟಿ ನೋಡಿ ತಂದುಕೊಳ್ಳಬೇಡಿ. ಗಂಟು ಇಳಿಯುತ್ತಿದೆ. ಗುಳಿ ಹಾಗೇ ಇದೆ.

ಡಾಕ್ಟರ್ ದೂರ, ಫೋಟೋ ಕಳಿಸದೆ ವಿಧಿಯಿಲ್ಲ ಅನ್ನುವವರು ಬ್ಯೂಟಿ ಮೋಡ್ ಆಫ್ ಮಾಡಿ, ಹಗಲು ಬೆಳಕಲ್ಲಿ ಎರಡೂ ಕೆನ್ನೆ, ಎದೆ, ಬೆನ್ನು ತೆಗೆಯಿರಿ. ಒತ್ತಿದರೆ ನೋಯುವ ಗಂಟು ಇದ್ದರೆ ಬಾಯಿಬಿಟ್ಟು ಹೇಳಿ, ಅದು ಫೋಟೋದಲ್ಲಿ ಸರಿಯಾಗಿ ಕಾಣದೇ ಹೋಗಬಹುದು. ನನ್ನ ಬೆನ್ನಿನ ಫೋಟೋ ಈಗ ತಿಂಗಳಿಗೊಮ್ಮೆ ತಂಗಿ ತೆಗೆಯುತ್ತಾಳೆ, ಪ್ರತಿ ಸಲ ಒಂದು ಐಸ್‌ಕ್ರೀಮ್ ಲಂಚ.