ಟೇಬಲ್‌ಗೆ ನಾಲ್ಕು ಸ್ಟಾರ್, ಗೋಡೆ ಮೇಲಿನ ಬೋರ್ಡಿಗೆ ಒಂದೇ

ಮಂಗಳೂರಿನ ಬಲ್ಮಠ ಕಡೆಯ ಈ ಪಬ್‌ನ ಮಹಡಿಯಲ್ಲಿ ಒಂದೇ ಒಂದು ಪೂಲ್ ಟೇಬಲ್ ಉಂಟು. 8 ಅಡಿಯದ್ದು, ಬಾಡಿಗೆ ಗಂಟೆ ಲೆಕ್ಕ. ಟೇಬಲ್ ಬಗ್ಗೆ ದೂರು ಕಡಿಮೆ: ಬಟ್ಟೆಯ ಕೆಳಗಿನ ಸ್ಲೇಟ್ ಕಲ್ಲು ಮಟ್ಟಸವಾಗಿದೆ, ವೈಟನ್ನು (ಕ್ಯೂ ಕೋಲಿನಿಂದ ಹೊಡೆಯುವ ಬಿಳಿ ಬಾಲ್) ಮೆಲ್ಲ ಉರುಳಿಸಿದರೆ ನಿಲ್ಲುವ ಹೊತ್ತಿಗೂ ಪಕ್ಕಕ್ಕೆ ಜಾರುವುದಿಲ್ಲ. ತಕರಾರು ಇರುವುದು ಗೋಡೆಗೆ ಹೊಡೆದ ‘ಹೌಸ್ ರೂಲ್ಸ್’ ಬೋರ್ಡಿನ ಮೇಲೆ. ಆಟ 8-ಬಾಲ್: ಒಬ್ಬರಿಗೆ ಪೂರ್ತಿ ಬಣ್ಣದ ಬಾಲ್ (ಸಾಲಿಡ್), ಇನ್ನೊಬ್ಬರಿಗೆ ಪಟ್ಟೆಯವು (ಸ್ಟ್ರೈಪ್), ತಮ್ಮ ಗುಂಪು ಮುಗಿಸಿ ಕೊನೆಗೆ ಬ್ಲ್ಯಾಕ್, ಅಂದರೆ 8ನೇ ಬಾಲ್, ಹಾಕಿದವರು ಗೆದ್ದರು.

ಮೊದಲ ಸಾಲಲ್ಲೇ ಎಡವಟ್ಟು. ವೈಟ್ ಪಾಕೆಟ್‌ಗೆ ಬಿದ್ದರೆ ಎದುರಾಳಿ ಅದನ್ನು ಬ್ರೇಕ್ (ಆಟ ಶುರು ಮಾಡುವ ಮೊದಲ ಹೊಡೆತ) ಗೆರೆಯ ಹಿಂದೆ ಇಟ್ಟು ಮುಂದಕ್ಕೇ ಹೊಡೆಯಬೇಕಂತೆ. ಅಂದರೆ ನಿಮ್ಮ ಉಳಿದ ಎರಡು ಬಾಲ್ ಗೆರೆಯ ಹಿಂದೆ ಕೂತಿದ್ದರೆ, ತಪ್ಪು ಮಾಡಿದವನಿಗೆ ಲಾಭ, ನಿಮಗೆ ಶಿಕ್ಷೆ. ಇದು ಗೊತ್ತಿದ್ದವರು ಹೊಡೆತ ಸಿಗದಾಗ ಬೇಕೆಂದೇ ವೈಟನ್ನು ಬೀಳಿಸುತ್ತಾರೆ. ಪೂಲ್ ಆಟದ ವಿಶ್ವ ಮಟ್ಟದ ಸಂಸ್ಥೆ ಡಬ್ಲ್ಯುಪಿಎಯ 8-ಬಾಲ್ ನಿಯಮದಲ್ಲಿ ಆ ಆಟ ನಡೆಯದು: ಬ್ರೇಕ್ ಮುಗಿದ ಮೇಲೆ ಯಾವ ಫೌಲ್ ಆದರೂ ಬಾಲ್ ಇನ್ ಹ್ಯಾಂಡ್, ಟೇಬಲ್ ಮೇಲೆ ಎಲ್ಲಿ ಬೇಕಾದರೂ ಇಟ್ಟು ಯಾವ ದಿಕ್ಕಿಗೂ ಹೊಡೆಯಬಹುದು. ಫೌಲ್‌ಗೆ ಬೆಲೆ ಬಿದ್ದಾಗ ಆಟ ಬೇಗ ಮುಗಿಯುತ್ತದೆ. ಗಂಟೆ ಲೆಕ್ಕದ ಟೇಬಲ್‌ನಲ್ಲಿ ಆಟ ಎಳೆದರೆ ಯಾರಿಗೆ ಒಳ್ಳೆಯದು ಅಂತ ಬಿಡಿಸಿ ಹೇಳಬೇಕಾಗಿಲ್ಲ ಮಾರಾಯ್ರೆ.

ಎರಡನೆಯದು ಶುದ್ಧ ಕೇರಂ. ಸ್ಟ್ರೈಕರ್ ಬಿದ್ದರೆ ಒಂದು ಕಾಯಿ ವಾಪಸ್ ಇಡುವ ಹಾಗೆ, ಇಲ್ಲಿ ವೈಟ್ ಬಿದ್ದರೆ ಹಾಕಿದ ಬಾಲ್ ಒಂದನ್ನು ಹೊರತೆಗೆದು ಇಡಬೇಕು. 8-ಬಾಲ್‌ನಲ್ಲಿ ಅಂಥ ದಂಡವೇ ಇಲ್ಲ. ನಿಮ್ಮ ಗುಂಪಿನ ಬಾಲ್ ಒಮ್ಮೆ ಬಿದ್ದರೆ ಬಿತ್ತು, ಫೌಲ್ ಆಗಿದ್ದರೂ ಅದು ಒಳಗೇ.

ಕುಶನ್ (ಟೇಬಲ್ ಅಂಚಿನ ರಬ್ಬರ್ ಪಟ್ಟಿ) ನಿಯಮ ಬೋರ್ಡಿನಲ್ಲಿ ಇಲ್ಲವೇ ಇಲ್ಲ, ದೊಡ್ಡ ಕೊರತೆ ಅದೇ. ವೈಟ್ ನಿಮ್ಮ ಬಾಲ್‌ಗೆ ತಾಗಿದ ಮೇಲೆ ಏನಾದರೂ ಒಂದು ಬಾಲ್ ಪಾಕೆಟ್‌ಗೆ ಬೀಳಬೇಕು, ಇಲ್ಲವೇ ಯಾವುದಾದರೂ ಒಂದು ಬಾಲ್, ವೈಟೇ ಆದರೂ ಸರಿ, ಕುಶನ್ ಮುಟ್ಟಬೇಕು. ಇಲ್ಲದಿದ್ದರೆ ಫೌಲ್. ಈ ಸಾಲು ಬಿಟ್ಟುಹೋದರೆ ಇಬ್ಬರೂ ವೈಟನ್ನು ಒಂದಿಂಚು ತಳ್ಳಿ ಅಡಗಿಸುತ್ತ ಕೂರಬಹುದು.

ಬ್ರೇಕ್‌ನಲ್ಲಿ ಬಿದ್ದ ಬಾಲ್‌ನಿಂದಲೇ ಸಾಲಿಡ್ ಯಾರಿಗೆ, ಸ್ಟ್ರೈಪ್ ಯಾರಿಗೆ ಅಂತ ಬೋರ್ಡ್ ನಿರ್ಧರಿಸುತ್ತದೆ. ಅಧಿಕೃತವಾಗಿ ಬ್ರೇಕ್ ಆದ ಮೇಲೂ ಟೇಬಲ್ ಓಪನ್, ಯಾರಿಗೂ ಇನ್ನೂ ಗುಂಪು ಇಲ್ಲ. ಯಾವ ಬಾಲ್ ಯಾವ ಪಾಕೆಟ್‌ಗೆ ಅಂತ ಮೊದಲೇ ಹೇಳಿ ಹಾಕಿದ ಮೊದಲ ಬಾಲ್‌ನಿಂದ ಗುಂಪು ಸಿಗುವುದು. ಬ್ರೇಕ್‌ನಲ್ಲೇ ಬ್ಲ್ಯಾಕ್ ಬಿದ್ದರೆ ಗೆಲುವು ಅಂತಲೂ ಬರೆದಿದ್ದಾರೆ. ಅದು ಗೆಲುವಲ್ಲ. ಫೌಲ್ ಇಲ್ಲದಿದ್ದರೆ ಬ್ಲ್ಯಾಕನ್ನು ಮತ್ತೆ ಸ್ಪಾಟ್ ಮೇಲಿಟ್ಟು ಮುಂದುವರಿಯುವುದೋ ಹೊಸದಾಗಿ ಬ್ರೇಕ್ ಮಾಡುವುದೋ ಅನ್ನುವುದು ಹೊಡೆದವನ ಆಯ್ಕೆ.

ಜಗಳ ಹೆಚ್ಚು ಆಗುವುದು ಕೊನೆಯ ಬ್ಲ್ಯಾಕ್ ಹತ್ತಿರ. ಬ್ಲ್ಯಾಕ್ ಗುರಿಯಿಟ್ಟಾಗ ವೈಟ್ ಬಿದ್ದರೆ ಸೋಲು ಅನ್ನುತ್ತದೆ ಬೋರ್ಡ್. ಅರ್ಧ ಸತ್ಯ. ಅದೇ ಹೊಡೆತದಲ್ಲಿ ಬ್ಲ್ಯಾಕೂ ಬಿದ್ದಿದ್ದರೆ ಮಾತ್ರ ಸೋಲು. ಬ್ಲ್ಯಾಕ್ ಟೇಬಲ್ ಮೇಲೇ ಉಳಿದಿದ್ದರೆ ಅದು ಬರೀ ಬಾಲ್ ಇನ್ ಹ್ಯಾಂಡ್. ಹೇಳದ ಪಾಕೆಟ್‌ಗೆ ಬ್ಲ್ಯಾಕ್ ಹೋದರೆ, ಟೇಬಲ್‌ನಿಂದ ಹಾರಿ ಕೆಳಗೆ ಬಿದ್ದರೆ, ಆಗ ಸೋಲು ಖಂಡಿತ. ಕೊನೆಯ ಬಾಲ್ ಹಾಕಿದ ಪಾಕೆಟ್‌ಗೇ ಬ್ಲ್ಯಾಕ್ ಹಾಕಬೇಕು ಅನ್ನುವ ಮಾತಿಗೆ ಅಧಿಕೃತ ನಿಯಮದಲ್ಲಿ ಎಲ್ಲೂ ಆಧಾರವಿಲ್ಲ. ಇನ್ನು ಕೆಲವರು ‘ಕುಶನ್ ಹೇಳಲಿಲ್ಲ, ನಡುವೆ ಬೇರೆ ಬಾಲ್ ತಾಗಿತು’ ಅಂತ ತಗಾದೆ ತೆಗೆಯುತ್ತಾರೆ. ಹೇಳಬೇಕಾದ್ದು ಯಾವ ಬಾಲ್, ಯಾವ ಪಾಕೆಟ್, ಎರಡೇ. ನೇರ ಹೊಡೆತಕ್ಕೆ ಅದನ್ನೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಬ್ರೇಕ್‌ಗೆ ಮುಂಚೆ ರ‍್ಯಾಕ್ (ತ್ರಿಕೋನದಲ್ಲಿ ಜೋಡಿಸಿದ ಬಾಲ್‌ಗಳು) ನೋಡಿಕೊಳ್ಳಿ. ಇಲ್ಲಿನ ಪ್ಲಾಸ್ಟಿಕ್ ತ್ರಿಕೋನ ಸಡಿಲ, ಎತ್ತುವಾಗ ಮುಂದಿನ ಬಾಲ್ ಕದಲಿ ಸಂದು ಬೀಳುತ್ತದೆ, ಆಮೇಲೆ ಎಷ್ಟು ಜೋರು ಹೊಡೆದರೂ ಗುಂಪು ಒಡೆಯುವುದಿಲ್ಲ. ಬ್ಲ್ಯಾಕ್ ಮಧ್ಯೆ, ಹಿಂದಿನ ಎರಡು ಮೂಲೆಗೆ ಒಂದು ಸಾಲಿಡ್ ಒಂದು ಸ್ಟ್ರೈಪ್, ಹಿಂದಿನಿಂದ ಬೆರಳಲ್ಲಿ ಒತ್ತಿ ಹಿಡಿದು ಆಮೇಲೆ ತ್ರಿಕೋನ ಎತ್ತಿ. ಏನೂ ಬೀಳದಿದ್ದರೆ ವೈಟ್ ಬಿಟ್ಟು ಕನಿಷ್ಠ ನಾಲ್ಕು ಬಾಲ್ ಕುಶನ್ ಮುಟ್ಟಬೇಕು, ಇಲ್ಲದಿದ್ದರೆ ಆ ಬ್ರೇಕ್ ಲೆಕ್ಕಕ್ಕಿಲ್ಲ, ಎದುರಾಳಿ ಮತ್ತೆ ಬ್ರೇಕ್ ಕೇಳಬಹುದು.

ಕ್ಯೂಗಳು ಆರು, ನೆಟ್ಟಗಿರುವುದು ಎರಡೇ. ಟೇಬಲ್ ಮೇಲೆ ಉರುಳಿಸಿ ನೋಡಿ. ತುದಿ ಕುಣಿದರೆ ವಾಪಸ್ ಇಡಿ. ಕರಾವಳಿಯ ಮಳೆಗಾಲಕ್ಕೆ ಗೋಡೆಗೆ ಒರಗಿಸಿಟ್ಟ ಮರ ಬಾಗದೆ ಇನ್ನೇನು ಮಾಡೀತು. ಜೂನ್‌ನಿಂದ ಬಟ್ಟೆಯೂ ತೇವ ಹಿಡಿದು ಬಾಲ್ ನಿಧಾನವಾಗುತ್ತದೆ, ಹೊಡೆತಕ್ಕೆ ಸ್ವಲ್ಪ ಜೋರು ಸೇರಿಸಿಕೊಳ್ಳಿ.

ಆಟ ಶುರು ಮಾಡುವ ಮೊದಲೇ ‘ಡಬ್ಲ್ಯುಪಿಎ ರೂಲ್ಸ್, ಬೋರ್ಡ್ ಬೇಡ’ ಅಂತ ಎದುರಿನವರ ಹತ್ತಿರ ಮಾತಾಡಿಕೊಳ್ಳಿ. ರೆಫರಿ ಇಲ್ಲದ್ದರಿಂದ ಕೈ ತಾಗಿ ಬೇರೆ ಬಾಲ್ ಕದಲಿದರೆ ಫೌಲೋ ಅಲ್ಲವೋ, ಅದನ್ನೂ ಆಗಲೇ ತೀರ್ಮಾನಿಸಿ. ಚಿಕನ್ ಘೀ ರೋಸ್ಟ್ ಚೆನ್ನಾಗಿದೆ, ಆದರೆ ಆಟ ಮುಗಿದ ಮೇಲೆ ಆರ್ಡರ್ ಮಾಡಿ. ತುಪ್ಪದ ಬೆರಳು ತಾಗಿದ ಕ್ಯೂ ಕೈಯಲ್ಲಿ ಜಾರದೆ ಅಂಟುತ್ತದೆ, ಕೈ ತೊಳೆಯುವ ಬೇಸಿನ್ ಇರುವುದು ಕೆಳಗಿನ ಮಹಡಿಯಲ್ಲಿ.